ಸಿಹಿನೀರಿನ ಲೆಕ್ಕ

ರಾಯಬಂದರ, ಗೋವಾ
9 ಜನವರಿ 2006

ಪೂಜ್ಯ ರಘೋತ್ತಮ ಸರ್ ಅವರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿನಿ ಸುಮೇಧಾ ಮಾಡುವ ನಮಸ್ಕಾರಗಳು. ಈ-ಮೇಲ್ ಎಂದರೆ ನಿಮಗೆ ಮೈಲಿಗೆ, ಫೋನಿನಲ್ಲಿ ನೀವು "ಹೂಂ" ಬಿಟ್ಟು ಎರಡನೇ ಮಾತಾಡುವವರಲ್ಲ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ನಗಲಿಕ್ಕೆ ಒಂದು ಸುದ್ದಿ ಇದೆ, ಅದರ ಬಾಲಕ್ಕೆ ಒಂದು ಕೆಲಸವೂ ಇದೆ.

ನಮ್ಮ ಆಗರ ಸತ್ತಿದೆಯಂತೆ ಸರ್. ಮಾಂಡೋವಿ ನದಿಯ ಹಿನ್ನೀರಿನ ಅಂಚಿನಲ್ಲಿ ನೀವು ಪ್ಯಾಂಟು ಮಡಚಿಕೊಂಡು ನನ್ನನ್ನು ಮೊದಲ ಸಲ ಕೆಸರಿಗೆ ಇಳಿಸಿದಿರಲ್ಲ, ಅದೇ ಉಪ್ಪಿನ ಆಗರ. ಏಪ್ರಿಲ್ ಕೊನೆಯ ಬಿಸಿಲಿಗೆ ನೀರು ಹಿಂಗಿ, ಉಪ್ಪು ಇನ್ನು ಕರಗಲಾರೆ ಎನ್ನುವ ಹೊತ್ತಿಗೆ ಮಡಿಗಳೆಲ್ಲ ಕುಂಕುಮ ಕಲಸಿದಂತೆ ಕೆಂಪಾಗುತ್ತವೆ. ಆ ಕೆಂಪು ಬಣ್ಣವಲ್ಲ, ಜೀವ ಎಂದು ನನಗೆ ತೋರಿಸಿದವರು ನೀವು. ಮೀನು ಬದುಕದ, ಪಾಚಿ ಬದುಕದ ನೀರಿನಲ್ಲಿ ಹನಿಹನಿಗೂ ಲಕ್ಷಗಟ್ಟಲೆ ಸೂಕ್ಷ್ಮಜೀವಿಗಳು. ಉಪ್ಪು ಹೆಚ್ಚಾಗಿ ಸಾಯುವವರು ನಾವೆಲ್ಲ, ಉಪ್ಪು ಕಡಿಮೆಯಾದರೆ ಸಾಯುವವು ಅವು. ನನ್ನ ತಲೆಗೂದಲು ನರೆತದ್ದು ಅವುಗಳ ಬೆನ್ನು ಹತ್ತಿ. ಅದರಲ್ಲೂ ನಾನು ಹಿಡಿದಿರುವ ಜಾತಿ ಬೇರೆ ಯಾವ ಆಗರದಲ್ಲೂ ನನಗೆ ಸಿಕ್ಕಿಲ್ಲ. ಲ್ಯಾಬಿನ ಟ್ಯೂಬಿನಲ್ಲಿ ಎಷ್ಟು ಮುದ್ದು ಮಾಡಿ ಇಟ್ಟರೂ ಎರಡು ತಿಂಗಳಿಗೆ ಮುನಿಸಿಕೊಂಡು ಸಾಯುತ್ತದೆ. ಅದಕ್ಕೆ ಅದರ ಆಗರವೇ ಬೇಕು.

ಈಗ ಭಾಟಕಾರ, ಅಂದರೆ ಆ ಜಾಗದ ಯಜಮಾನ, ಆಗರವನ್ನು ಒಂದು ಹೋಟೆಲ್ ಕಂಪನಿಗೆ ಕೊಡುವವನಿದ್ದಾನೆ. ಮಣ್ಣು ತುಂಬಿ ಮೇಲೆ ಹೋಟೆಲು, ಮುಂದೆ ಮೋಜಿನ ದೋಣಿಗಳಿಗೆ ಕಟ್ಟೆ. ಅನುಮತಿಯ ವಿಷಯ ಒಂದು ಸಮಿತಿಯ ಮುಂದಿದೆ. ಕಂಪನಿಯವರು ಅಲ್ಲಿ ಒಂದು ವರದಿ ಇಟ್ಟಿದ್ದಾರೆ: ಈ ನೀರಿನಲ್ಲಿ ಜೀವಿಗಳ ಸಂಖ್ಯೆ ಸೊನ್ನೆ, ತುಂಬಿದರೆ ಯಾವ ಜೀವಕ್ಕೂ ನಷ್ಟವಿಲ್ಲ. ಓದಿ ನಕ್ಕೆ. ಕೆಳಗಿನ ಸಹಿ ನೋಡಿ ಇನ್ನೂ ನಕ್ಕೆ. ಸಹಿ ನಮ್ಮ ಆಶಿಷನದು.

ನಿಮ್ಮ ಸುಪುತ್ರ ಮ್ಹಾಪಸಾ ಪೇಟೆಯ ಮಹಡಿಯ ಲ್ಯಾಬಿನಲ್ಲಿ ಬಾವಿನೀರು, ಹೋಟೆಲಿನ ಈಜುಕೊಳದ ನೀರು ಪರೀಕ್ಷೆ ಮಾಡುತ್ತಾನಲ್ಲ, ಅದೇ ರೂಢಿಯಲ್ಲಿ ಆಗರದ ನೀರನ್ನೂ ಎಣಿಸಿದ್ದಾನೆ. ಎಣಿಸುವ ಮೊದಲು ನೀರನ್ನು ಮತ್ತೆಮತ್ತೆ ತೆಳುಮಾಡಬೇಕು, ಅದಕ್ಕೆ ಭಟ್ಟಿ ಇಳಿಸಿದ ಸಾದಾ ನೀರು ಬಳಸಿದ್ದಾನೆ. ಉಪ್ಪಿನ ಜೀವಿ ಸಿಹಿನೀರಿಗೆ ಬಿದ್ದರೆ ಉಬ್ಬಿ ಒಡೆದುಹೋಗುತ್ತದೆ. ಮೊದಲು ಎಲ್ಲವನ್ನೂ ಕೊಂದು, ಆಮೇಲೆ ಕೂತು ಎಣಿಸಿ, ಯಾರೂ ಇಲ್ಲ ಎಂದು ಬರೆದಿದ್ದಾನೆ! "ಸಿಹಿನೀರಿನ ಬಾಟ್ಲಿ ಈ ಖೋಲಿಯೊಳಗ ಬಂದ್ರ ನಾ ಹೊರಗ ಹೋಗ್ತೀನಿ" ಎಂದು ನೀವು ಗುಡುಗುತ್ತಿದ್ದುದು ನೆನಪಾಯಿತು.

ಕೆಲಸ ಇಷ್ಟೇ. ಅವನಿಗೆ ಒಂದು ಫೋನು ಮಾಡಿ, ವರದಿ ವಾಪಸು ತೆಗೆದುಕೊಳ್ಳಲು ಹೇಳಿ. ನಾನು ಹೇಳಿದರೆ ಅಕ್ಕ ಮೂಗು ತೂರಿಸುತ್ತಾಳೆ ಎಂದಾನು. ನೀವು ಹೇಳಿದರೆ ಐದು ನಿಮಿಷದ ಮಾತು. ಆ ಸೊನ್ನೆ ಹಾಗೇ ಉಳಿದರೆ ಮಾತ್ರ ಆಗರ ಉಳಿಯುವುದಿಲ್ಲ.

ಆಗರದ ಕೆಲಸಕ್ಕೆ ಸಿಂದಗಿ ಕಡೆಯಿಂದ ಬಂದಿರುವ ಚಂದವ್ವ ನಿಮ್ಮನ್ನು ಕೇಳಿದಳು. ನೀರಿನಲ್ಲಿ ಜೀವ ಇದೆಯೋ ಇಲ್ಲವೋ ಎಂದು ಜಗಳ ನಡೆದಿದೆ ಎಂದೆ. "ಅಕ್ಕಾರ, ನಮ್ಮ ಉಪ್ಪಿನ್ಯಾಗ ಹುಳಾ ಅದಾವಂತ ಊರೆಲ್ಲಾ ಸಾರಬ್ಯಾಡ್ರಿ, ಕೊಳ್ಳಾಕ ಬರೋರು ಓಡಿ ಹೋಗ್ತಾರ" ಎಂದಳು. ಮನೆಯಲ್ಲಿ ಕಾಕುಗೆ ನನ್ನ ನಮಸ್ಕಾರ ಹೇಳಿ.

ಇಂತಿ ನಿಮ್ಮ
ಸುಮೇಧಾ


ಮಾಳಮಡ್ಡಿ, ಧಾರವಾಡ
30 ಜನವರಿ 2006

ಚಿ. ಸುಮೇಧಾಳಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದದ್ದರಿಂದ ಉತ್ತರ ತಡವಾಯಿತು. ಈಗ ಓದಲು ಅಡ್ಡಿಯಿಲ್ಲ.

ನಿನ್ನ ಪತ್ರದಲ್ಲಿ "ಲಕ್ಷಗಟ್ಟಲೆ" ಎಂದು ಬರೆದಿದ್ದೀ. ವಿಜ್ಞಾನಿಯಾದವರು "ಗಟ್ಟಲೆ" ಎನ್ನಬಾರದು. ಎಣಿಸಿದ್ದರೆ ಸಂಖ್ಯೆ ಬರೆಯಬೇಕು, ಎಣಿಸದಿದ್ದರೆ ಸುಮ್ಮನಿರಬೇಕು. "ಮುನಿಸಿಕೊಂಡು ಸಾಯುತ್ತದೆ" ಎಂಬುದೂ ಕಾರಣವಲ್ಲ. ಮೆಗ್ನೀಸಿಯಂ ಪ್ರಮಾಣ ಬದಲಿಸಿ ನೋಡಿದೆಯಾ? ಆಗರದ ತಳದ ಕೆಸರನ್ನು ಸ್ವಲ್ಪ ಸೇರಿಸಿ ಪ್ರಯತ್ನಿಸು. ಇಷ್ಟು ವರ್ಷದ ಮೇಲೂ ನಿನಗೆ ಅವಸರ ಹೋಗಿಲ್ಲ.

ಇಲ್ಲಿ ಈ ಸಲ ಪೇರಲ ಚೆನ್ನಾಗಿ ಬಂದಿದೆ. ನಿನ್ನ ಕಾಕುವಿಗೆ ಮೊಣಕಾಲು ನೋವು. ಶನಿವಾರ ಕಾಲೇಜಿನಲ್ಲಿ ಎಂ.ಎಸ್ಸಿ. ಹುಡುಗರಿಗೆ ಪಾಠಕ್ಕೆ ಕರೆಯುತ್ತಾರೆ, ಹೋಗುತ್ತೇನೆ.

ಆಶಿಷನ ವಿಷಯ. ಅವನು ಅನುಸರಿಸಿದ್ದು ನೀರಿನ ಪರೀಕ್ಷೆಯ ಪ್ರಮಾಣಿತ ಪದ್ಧತಿ. ನೋಡೋಣ.

ಶುಭ ಕೋರುವ
ರಘೋತ್ತಮ


ರಾಯಬಂದರ
24 ಫೆಬ್ರವರಿ 2006

ಪೂಜ್ಯ ಸರ್,

ನಿಮ್ಮ ಪತ್ರ ಬಂದಾಗ ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೆಗ್ನೀಸಿಯಂ ಬಗ್ಗೆ ಅಷ್ಟುದ್ದ ಬರೆದವರು ಮಗನ ಬಗ್ಗೆ "ನೋಡೋಣ" ಎಂದು ಕೈತೊಳೆದುಕೊಂಡಿರಿ. ಹೋಗಲಿ, ಈಗ ಆ ಸಿಟ್ಟು ಇಲ್ಲ. ಸಮಿತಿಯವರು ತಜ್ಞರೆಂದು ನಿಮ್ಮನ್ನೇ ಕರೆದಿದ್ದಾರೆ ಎಂದು ಇವತ್ತು ತಿಳಿಯಿತು!

ನಡೆದದ್ದು ಹೀಗೆ. ನಾನು ನನ್ನ ಎಣಿಕೆಗಳನ್ನು ಕಳಿಸಿದೆ. ಒಂದು ಕಡೆ ಸೊನ್ನೆ, ಒಂದು ಕಡೆ ಕೋಟಿ. ಸಮಿತಿಯ ಅಧ್ಯಕ್ಷರು ಕಾನೂನು ಓದಿದವರು, ಎರಡೂ ಕಾಗದ ಹಿಡಿದು ಕಣ್ಣು ಕಣ್ಣು ಬಿಟ್ಟಿರಬೇಕು. ನಾನೇ ಬಂದು ವಿವರಿಸುತ್ತೇನೆ ಎಂದರೆ ನಮ್ಮ ನಿರ್ದೇಶಕರು ಬೇಡವೆಂದರು. ಸಂಸ್ಥೆಯ ನೌಕರಳು ಹೋಟೆಲಿನವರ ವಿರುದ್ಧ ನಿಂತು ಮಾತಾಡುವಂತಿಲ್ಲವಂತೆ, ಹೊರಗಿನ ಬೆಂಚಿನಲ್ಲಿ ಕೂತು ಕೇಳಬಹುದಂತೆ. ಸಮಿತಿಯೂ ಅಷ್ಟೆ. ಇವಳ ಸಂಶೋಧನೆ ಅಲ್ಲೇ ನಡೆದಿದೆ, ಇವಳಿಗೆ ಆಗರ ಬೇಕೇ ಬೇಕು, ಇವಳ ಮಾತು ಹೇಗೆ ನಂಬುವುದು ಎಂದಿತು. ಕೊನೆಗೆ ಗೋವಾದಲ್ಲಿ ಉಪ್ಪಿನ ಸೂಕ್ಷ್ಮಜೀವಿಗಳ ಬಗ್ಗೆ ಮೊದಲು ಕೆಲಸ ಮಾಡಿದವರು ಯಾರು ಎಂದು ಹುಡುಕಿ ನಿಮ್ಮ ಹೆಸರಿಗೆ ಬಂದು ನಿಂತಿದ್ದಾರೆ. ವರದಿ ನಿಮ್ಮ ಮಗನದು ಎಂದು ಅವರಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ನನಗಂತೂ ಅದರ ಚಿಂತೆಯಿಲ್ಲ. ತಪ್ಪಿನ ವಿಷಯಕ್ಕೆ ಬಂದರೆ ನಿಮಗೆ ಮಗನೂ ಒಂದೇ, ಜವಾನನೂ ಒಂದೇ.

ನೀವು ಇಲ್ಲಿದ್ದಾಗಿನ ಮಿರಾಮಾರದ ಕ್ವಾರ್ಟರ್ಸಿನ ಊಟ ನೆನಪಿದೆಯೇ? ನಿಮ್ಮ ವಿದ್ಯಾರ್ಥಿಗಳು ನಾನು, ಮೃದುಲಾ, ಪವಮಾನ ಎಲ್ಲ ಪಂಕ್ತಿಯಲ್ಲಿ. ಕಾಕು ಹುಳಿ ಬಡಿಸುತ್ತಿದ್ದರು. ಆಶಿಷ್ ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಫೇಲಾಗಿ ಬಂದಿದ್ದ. ನೀವು ನಮ್ಮೆಲ್ಲರ ಮುಂದೆ, "ಇಂವಗ ಸೂಕ್ಷ್ಮದರ್ಶಕದೊಳಗ ತನ್ನ ರೆಪ್ಪಿ ಬಿಟ್ಟು ಇನ್ನೇನೂ ಕಾಣಂಗಿಲ್ಲ" ಎಂದಿರಿ. ನಾವು ಅನ್ನ ನೆತ್ತಿಗೇರುವಷ್ಟು ನಕ್ಕೆವು. ಅವನೂ ನಕ್ಕ, ಪಾಪ. ಈ ಸಲ ಅಷ್ಟು ಖಾರ ಬೇಡ ಸರ್. ಒಂದೇ ವಾಕ್ಯ ಸಾಕು: "ಉಪ್ಪಿನ ಜೀವಿಗಳನ್ನು ಸಾದಾ ನೀರಿನಲ್ಲಿ ಎಣಿಸಲಾಗದು." ಹೆಸರು ಹೇಳುವುದೂ ಬೇಕಿಲ್ಲ.

ವಿಚಾರಣೆ ಏಪ್ರಿಲ್ ಏಳಕ್ಕೆ, ಪಣಜಿಯಲ್ಲಿ. ನೀವು ಬಂದರೆ ನನ್ನಲ್ಲೇ ಇಳಿಯಬೇಕು. ಚಪಾತಿ ಈಗಲೂ ನಕ್ಷೆಯ ಹಾಗೇ ಆಗುತ್ತದೆ, ಸಹಿಸಿಕೊಳ್ಳಿ.

ಇಂತಿ
ಸುಮೇಧಾ


ಧಾರವಾಡ
15 ಮಾರ್ಚ್ 2006

ಚಿ. ಸುಮೇಧಾಳಿಗೆ ನಿನ್ನ ಕಾಕು ಕೃಷ್ಣಾಬಾಯಿಯ ಆಶೀರ್ವಾದಗಳು.

ನಾನು ಬರೆದದ್ದು ಅವರಿಗೆ ಗೊತ್ತಿಲ್ಲ. ನಿನ್ನ ಎರಡೂ ಪತ್ರ ಓದಿದ್ದೇನೆ. ಅವರ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ ಮೊದಲನೆಯದನ್ನು ಓದಿ ಹೇಳಿದವಳೇ ನಾನು. ಓದಿ ಮುಗಿಸುವಾಗ ಅವರು ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ಊಟ ಅರ್ಧವಾಗಿದೆ.

ನಿನ್ನಿಂದ ಮುಚ್ಚಿಡುವುದೇನಿದೆ. ಆಶಿಷನಿಗೆ ಆ ಹೋಟೆಲ್ ಕಂಪನಿ ಈಗ ಕಾಯಂ ಕೆಲಸ ಕೊಟ್ಟಿದೆ. ಅವರ ಎಲ್ಲ ಜಾಗಗಳ ನೀರೂ ಅವನ ಲ್ಯಾಬಿಗೇ ಬರುತ್ತದೆ. ಈಗ ಸ್ವಂತ ಅಪ್ಪನೇ ಸಭೆಯಲ್ಲಿ ಎದ್ದು ನಿಂತು ಮಗನಿಗೆ ನೀರು ಎಣಿಸಲು ಬರುವುದಿಲ್ಲ ಎಂದರೆ ಬಾವಿನೀರು ತರುವವರೂ ಅವನ ಮೆಟ್ಟಿಲು ಹತ್ತುವುದಿಲ್ಲ. ಆದರೆ ನನ್ನ ಸಂಕಟ ಅದಲ್ಲ.

ಮೊನ್ನೆ ನಾನೇ ಬಾಯಿ ಬಿಟ್ಟು ಕೇಳಿದೆ. "ಆ ಹುಡುಗಗ ಜನ್ಮದಾಗ ಒಮ್ಮೆರ ಭೇಷ್ ಅಂದೀರೇನು? ಪರರ ಮಕ್ಕಳನ ತಿದ್ದಿ ತೀಡಿ ಡಾಕ್ಟರ್ ಮಾಡಿದ್ರಿ. ಮನ್ಯಾಗಿನ ಕೂಸಿನ್ನ ನಾಕು ಮಂದಿ ಮುಂದ ನಗಿಗೀಡು ಮಾಡಿದ್ರಿ. ಈಗ ಕಡೀಕೂ ಅದನ್ನ ಮಾಡಾವ್ರೇನು?" ಅವರು "ನೀ ಅಳಬ್ಯಾಡ, ನಾ ಹಂಗ ಮಾಡಂಗಿಲ್ಲ" ಎಂದರು. ನಾನು ಅವರ ಕೈ ಹಿಡಿದು ಮಾತು ತೆಗೆದುಕೊಂಡಿದ್ದೇನೆ.

ಸುಮೇಧಾ, ನೀನು ನನ್ನ ಮನೆಯ ಊಟ ಉಂಡವಳು. ಅವರನ್ನು ಮತ್ತೆ ಕೇಳಬೇಡ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೊ. ನಿನಗೆ ಇನ್ನೊಂದು ಆಗರ ಸಿಕ್ಕೀತು, ನನಗೆ ಇನ್ನೊಬ್ಬ ಮಗ ಎಲ್ಲಿ ಸಿಕ್ಕಾನು.

ಆಶೀರ್ವಾದಗಳೊಂದಿಗೆ
ಕೃಷ್ಣಾಬಾಯಿ


ರಾಯಬಂದರ
22 ಮಾರ್ಚ್ 2006

ಪ್ರೀತಿಯ ಕಾಕು,

ನಮಸ್ಕಾರ. ನಿಮ್ಮ ಪತ್ರ ಓದಿ ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತೆಂದು ಹೇಳಲಾರೆ.

ಉಂಡ ಮನೆಯ ಋಣ ನನಗೆ ಗೊತ್ತಿದೆ. ಆ ಮನೆಯಲ್ಲಿ ನಾನು ಉಂಡದ್ದು ಅನ್ನವೊಂದೇ ಅಲ್ಲ ಕಾಕು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು ಎಂಬುದನ್ನೂ ನಿಮ್ಮ ಯಜಮಾನರು ದಿನಾ ತುತ್ತಿನ ಜೊತೆಗೆ ನುಂಗಿಸಿದರು. ಈಗ ಅದನ್ನು ಎಲ್ಲಿ ಉಗುಳಲಿ?

ಆಶಿಷನಿಗೆ ಮಾನಹಾನಿ ಆಗದ ಹಾಗೆ ಹೇಳಲು ನೂರು ದಾರಿ ಇವೆ. ಅವನನ್ನು ಕರೆದು ಮೊದಲೇ ತಿಳಿಸಿದರೆ ಅವನೇ ವರದಿ ತಿದ್ದಿ ಕೊಡುತ್ತಾನೆ, ಮಾನವೂ ಉಳಿಯುತ್ತದೆ. ಅಷ್ಟಾದರೂ ಸರ್ ಮಾಡಲಿ. ಮತ್ತೆ ಕೇಳಬೇಡ ಎಂದಿದ್ದೀರಿ, ಕೇಳುವುದಿಲ್ಲ. ಅವರಾಗಿ ಹೇಳುತ್ತಾರೆ ಎಂದು ನಾನಿನ್ನೂ ನಂಬಿದ್ದೇನೆ.

ನಿಮ್ಮ
ಸುಮೇಧಾ


ರಾಯಬಂದರ
11 ಏಪ್ರಿಲ್ 2006

ರಘೋತ್ತಮ ಸರ್ ಅವರಿಗೆ,

ನೀವು ನನ್ನಲ್ಲಿ ಇಳಿಯಲಿಲ್ಲ. ಸಭೆಯಲ್ಲಿ ಕಣ್ಣೆತ್ತಿ ನನ್ನ ಕಡೆ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಚಂದವ್ವ, ಅವಳ ಗಂಡ ನಿಂಗಣ್ಣ ನನ್ನ ಪಕ್ಕ ಕೂತಿದ್ದರು. ಅವರು ಕೈ ಮುಗಿದದ್ದನ್ನೂ ನೀವು ಕಾಣಲಿಲ್ಲ. ಹೊಸ ಕಣ್ಣು ಹಾಕಿಸಿಕೊಂಡದ್ದು ಇದಕ್ಕೇನಾ?

ಅಧ್ಯಕ್ಷರು ಕೇಳಿದ್ದು ನೇರವಾದ ಪ್ರಶ್ನೆ: ಈ ಸೊನ್ನೆ ಸರಿಯೇ? ನೀವು ಹೇಳಿದ್ದು: "ಬಳಸಿರುವುದು ನೀರಿನ ಪರೀಕ್ಷೆಯ ಪ್ರಮಾಣಿತ ಪದ್ಧತಿ. ಆ ಪದ್ಧತಿಯ ಪ್ರಕಾರ ಎಣಿಕೆಯಲ್ಲಿ ಲೋಪ ಕಾಣುವುದಿಲ್ಲ." ಅವರು ಇನ್ನೊಮ್ಮೆ ಕೇಳಿದರು. ನೀವು ಇನ್ನೊಮ್ಮೆ ಅದನ್ನೇ ಓದಿದಿರಿ. ಒಂದಕ್ಷರ ಸುಳ್ಳಿಲ್ಲ. ಕುಡಿಯುವ ನೀರಿಗೆ ಅದೇ ಪದ್ಧತಿ, ಅವನು ಅದನ್ನು ಚಾಚೂ ತಪ್ಪದೆ ಮಾಡಿದ್ದಾನೆ. ಇಷ್ಟು ಮಡಿಯಾದ ಸುಳ್ಳನ್ನು ನಾನು ಇದುವರೆಗೆ ಕೇಳಿರಲಿಲ್ಲ.

ಸಭೆ ಮುಗಿದು ನಿಂಗಣ್ಣ ನನ್ನನ್ನು ಕೇಳಿದ: "ಅಕ್ಕಾರ, ಸಾಹೇಬ್ರು ನಮ್ಮ ಕಡಿ ಮಾತಾಡಿದ್ರೋ ಅವರ ಕಡಿ ಮಾತಾಡಿದ್ರೋ? ನಮ್ಮ ಕನ್ನಡದವ್ರ ಇದ್ದಾರ, ನಮ್ಮ ಕಡೀನ ಮಾತಾಡಿರಬೇಕು ಬಿಡ್ರಿ." ನಾನು ಏನು ಹೇಳಲಿ? ಸಾಹೇಬರು ಯಾರ ಕಡೆಗೂ ಮಾತಾಡಲಿಲ್ಲ ಎಂದೆ. ಅದೂ ನಿಮ್ಮ ಹಾಗೆ ಹೇಳಿದ ನಿಜ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇರಲಿ. ಆದರೆ ಇನ್ನೊಂದು ಸಂಗತಿ ನನ್ನನ್ನು ಕೊರೆಯುತ್ತಿದೆ. ಮೆಟ್ಟಿಲ ಹತ್ತಿರ ಆಶಿಷ್ ಸಿಕ್ಕ. ಹೊಸ ಶರ್ಟು ಹಾಕಿದ್ದ, ಮದುವೆಯ ಮನೆಗೆ ಬಂದವನ ಹಾಗೆ. ನಾನು ಸಿಟ್ಟಿನಿಂದಲೇ, "ಯಾವ ನೀರಿನ್ಯಾಗ ತೆಳು ಮಾಡ್ದಿ ಆಶಿಷ್?" ಎಂದೆ. "ಡಿಸ್ಟಿಲ್ಡ್ ವಾಟರ್‌ದಾಗ, ಅಕ್ಕಾ. ಇನ್ನ್ಯಾವ ನೀರಿನ್ಯಾಗ ಮಾಡ್ತಾರ?" ಎಂದ. ಕಳ್ಳನ ಮುಖವಲ್ಲ ಅದು. "ಉಪ್ಪು?" ಎಂದೆ. "ಉಪ್ಪು ಯಾಕ?" ಎಂದ. ಅಷ್ಟರಲ್ಲಿ ನೀವು ಬಂದು "ನಡಿ, ಬಸ್ಸಿಗೆ ಹೊತ್ತಾತು" ಎಂದು ಅವನನ್ನು ಎಳೆದುಕೊಂಡು ಹೋದಿರಿ.

ಅವನಿಗೆ ಗೊತ್ತೇ ಇಲ್ಲ ಸರ್. ಕಂಪನಿಗೆ ಬೇಕಾದ ಹಾಗೆ ಬರೆದುಕೊಟ್ಟಿದ್ದಾನೆ ಎಂದು ಒಂದು ಗಳಿಗೆ ನಾನೂ ಅಂದುಕೊಂಡಿದ್ದೆ, ಅದು ನನ್ನ ಪಾಪ. ಅವನು ತಿಳಿಯದೆ ತಪ್ಪಿದ್ದಾನೆ. ತಿಳಿದವರು ನೀವು. ಜನವರಿಯಿಂದ ಇಲ್ಲಿಯವರೆಗೆ ಯಾಕೆ ಅವನಿಗೆ ಹೇಳಲಿಲ್ಲ?

ಸುಮೇಧಾ


ಧಾರವಾಡ
26 ಏಪ್ರಿಲ್ 2006

ಚಿ. ಸುಮೇಧಾಳಿಗೆ,

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಜನವರಿಯಿಂದ ಅಲ್ಲ, ಅದಕ್ಕೂ ಮೊದಲಿನಿಂದ ನನಗೆ ಗೊತ್ತು.

ಕಳೆದ ಮೇ ತಿಂಗಳಲ್ಲಿ, ವರದಿ ಕೊಡುವ ಮೊದಲು, ಆಶಿಷ್ ನನಗೆ ಫೋನು ಮಾಡಿದ್ದ. ಕೆಲಸದ ವಿಷಯವಾಗಿ ಅವನು ನನ್ನನ್ನು ಕೇಳಿದ್ದು ಜೀವನದಲ್ಲಿ ಅದೇ ಮೊದಲು. ತಾನು ಮಾಡಿದ್ದನ್ನೆಲ್ಲ ಹೇಳಿದ. ಸಾದಾ ನೀರು ಎಂದಾಗಲೇ ನನಗೆ ತಪ್ಪು ಸಿಕ್ಕಿತು. "ಸೊನ್ನಿ ಬಂದದ ಅಪ್ಪಾ, ಸರಿ ಅದ ಏನು?" ಎಂದು ಕೇಳಿದ. ಅವನ ಧ್ವನಿಯಲ್ಲಿ ಹೆದರಿಕೆ ಇತ್ತು. ಮೂವತ್ತು ದಾಟಿದ ಗಂಡಸು, ಹೆಂಡತಿ ಮಕ್ಕಳಿರುವವನು, ಬೈಗುಳಕ್ಕೆ ಬೆನ್ನು ಕೊಟ್ಟು ಕಾಯುತ್ತಿದ್ದ. ಆ ಹೆದರಿಕೆ ನಾನೇ ಹಾಕಿದ್ದು. "ಸರಿ ಅದ" ಎಂದೆ.

ಹೋಟೆಲಿನ ವಿಷಯ ಆಗ ಗೊತ್ತಿರಲಿಲ್ಲ. ಯಾವುದೋ ಸಾದಾ ಪರೀಕ್ಷೆ ಅಂದುಕೊಂಡೆ. ನಿನ್ನ ಪತ್ರ ಬಂದ ಮೇಲೆ ಹೇಳಬಹುದಿತ್ತು ಎನ್ನುತ್ತೀ. ಹೇಳಿದರೆ ಒಂದಲ್ಲ, ಎರಡು ಹೇಳಬೇಕಿತ್ತು: ನೀನು ತಪ್ಪಿದ್ದೀ, ನಾನು ಸರಿ ಎಂದದ್ದೂ ಸುಳ್ಳು. ಅವನಿಗೆ ನನ್ನಿಂದ ಸಿಕ್ಕ ಒಂದೇ ಒಂದು ಒಳ್ಳೆಯ ಮಾತನ್ನು ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ.

ನಿನ್ನ ಆಗರ ಹೋಗುತ್ತದೆ. ನನ್ನದೂ ಹೋಗುತ್ತದೆ, ಅದನ್ನು ನೀನು ಮರೆತಿದ್ದೀ. ನಾನು ತೂಗಿ ನೋಡಿಯೇ ಕೊಟ್ಟೆ. ಅಪ್ಪನಾಗಿ ನಾನು ಮಾಡಿದ ಮೊದಲ ಕೆಲಸ ಇದು.

ಇನ್ನು ಒಂದೇ ಕೇಳಿಕೆ. ಅವನಿಗೆ ತಿಳಿಸಬೇಡ.

ರಘೋತ್ತಮ


ರಾಯಬಂದರ
12 ಮೇ 2006

ಸರ್,

ಅನುಮತಿ ಸಿಕ್ಕಿದೆ. ಮಳೆ ಹಿಡಿಯುವ ಮೊದಲು ಮುಗಿಸಬೇಕೆಂದು ಉಸಗಾಂವ ಕಡೆಯ ಗಣಿಗಳ ಬೇಡದ ಮಣ್ಣನ್ನು ಲಾರಿಗಳಲ್ಲಿ ತಂದು ಸುರಿಯುತ್ತಿದ್ದಾರೆ. ಒಡ್ಡು ಒಡೆದು ನದಿಯ ನೀರು ಒಳಗೆ ಬಿಟ್ಟರು. ಕೆಂಪು ಇದ್ದ ಮಡಿಗಳು ನೋಡನೋಡುತ್ತಿದ್ದಂತೆ ಬಿಳಿಚಿಕೊಂಡವು. ಆ ಮೇಲೆ ಮಣ್ಣು ಬಿತ್ತು.

ಚಂದವ್ವ ಗುಡಿಸಲು ಬಿಚ್ಚುತ್ತಿದ್ದಳು. ಮಡ್ಕಯಿಯ ಯಾವುದೋ ಕಾರ್ಖಾನೆಯಲ್ಲಿ ನಿಂಗಣ್ಣನಿಗೆ ಮೂಟೆ ಹೊರುವ ಕೆಲಸ ಸಿಕ್ಕಿದೆಯಂತೆ. "ನೀವರ ಏನ ಮಾಡ್ತೀರಿ ಅಕ್ಕಾರ, ನಿಮ್ಮ ಹುಳಾನೂ ನಮ್ಮಂಗ ಗಂಟು ಕಟ್ಟಿದ್ವು" ಎಂದಳು. ನನ್ನ ಟ್ಯೂಬಿನಲ್ಲಿ ಉಳಿದಿರುವವು ಕೆಸರು ಸೇರಿಸಿದ ಮೇಲೂ ದಿನದಿನಕ್ಕೆ ಬಣ್ಣ ಬಿಡುತ್ತಿವೆ. ಬಹುಶಃ ಜೂನ್ ದಾಟುವುದಿಲ್ಲ.

ನೀವು ತೂಗಿ ನೋಡಿ ಕೊಟ್ಟೆ ಎಂದಿದ್ದೀರಿ. ನಿಮ್ಮ ಪಾಲಿನದನ್ನು ಕೊಡಲು ನಿಮಗೆ ಹಕ್ಕಿತ್ತು. ನನ್ನ ಪಾಲು, ಚಂದವ್ವನ ಪಾಲು ಯಾರನ್ನು ಕೇಳಿ ತೂಕಕ್ಕೆ ಹಾಕಿದಿರಿ? ನೀವು ದೊಡ್ಡವರು ಎಂದು ನಂಬಿದ್ದೆ. ಆ ನಂಬಿಕೆಯ ಮೇಲೆ ನನ್ನ ಇಡೀ ವಯಸ್ಸು ನಿಂತಿತ್ತು. ಈಗ ನಿಮ್ಮ ಮೇಲೆ ಇರುವಷ್ಟು ಸಿಟ್ಟು ಆ ಕಂಪನಿಯ ಮೇಲೂ ನನಗಿಲ್ಲ.

ಆಶಿಷನಿಗೆ ನಾನು ಹೇಳುವುದಿಲ್ಲ. ಅದು ನಿಮಗೋಸ್ಕರ ಅಲ್ಲ, ಕಾಕುಗೋಸ್ಕರ. ಇನ್ನು ಮುಂದೆ ನನ್ನಿಂದ ಕಾಗದ ಬರುವುದಿಲ್ಲ.

ಸುಮೇಧಾ


ಮ್ಹಾಪಸಾ
19 ಜೂನ್ 2006

ಪ್ರೀತಿಯ ಸುಮೇಧಾ ಅಕ್ಕನಿಗೆ,

ಆಶಿಷ್ ಮಾಡುವ ನಮಸ್ಕಾರಗಳು. ನಿನಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ಫೋನು ಎರಡು ಸಲ ಎತ್ತಿ ಹಾಗೇ ಇಟ್ಟುಬಿಟ್ಟೆ.

ಅವತ್ತು ಮೆಟ್ಟಿಲ ಹತ್ತಿರ "ಉಪ್ಪು?" ಎಂದು ನೀನು ಕೇಳಿದ್ದು ತಲೆಯಿಂದ ಹೋಗಲಿಲ್ಲ. ಮಾರನೇ ವಾರ ಆಗರಕ್ಕೆ ಹೋಗಿ ಎರಡು ಬಾಟಲಿ ನೀರು ತಂದೆ. ನೀರು ಆಗಲೇ ಕೆಂಪಿಗೆ ತಿರುಗುತ್ತಿತ್ತು. ಒಂದನ್ನು ಮೊದಲಿನ ಹಾಗೇ ಮಾಡಿದೆ. ಇನ್ನೊಂದನ್ನು ಅದೇ ಆಗರದ ಉಪ್ಪು ಕರಗಿಸಿದ ನೀರಿನಲ್ಲಿ ತೆಳುಮಾಡಿ, ಬೆಳೆಸುವ ಪ್ಲೇಟಿಗೂ ಉಪ್ಪು ಹಾಕಿ, ಬೆಚ್ಚಗೆ ಇಟ್ಟೆ. ನಮ್ಮ ಬಾವಿನೀರಿನದು ಎರಡು ದಿನಕ್ಕೆ ಬರುತ್ತದೆ. ಇದು ವಾರವಾದರೂ ಏನೂ ಬರಲಿಲ್ಲ. ಸದ್ಯ ನಾನು ಬಚಾವಾದೆ ಎಂದುಕೊಂಡು ಮರೆತುಬಿಟ್ಟೆ. ಮೇ ನಡುವಿಗೆ ತೆಗೆದು ನೋಡಿದರೆ ಪ್ಲೇಟಿನ ತುಂಬ ಸಾಸಿವೆ ಗಾತ್ರದ ಕೆಂಪು ಚುಕ್ಕಿಗಳು. ಎಣಿಸಲಿಕ್ಕೇ ಆಗದಷ್ಟು.

ಆ ದಿನವೇ ಸಮಿತಿಯ ಕಚೇರಿಗೆ ಓಡಿದೆ. ನನ್ನ ವರದಿ ತಪ್ಪು, ವಾಪಸು ಕೊಡಿ ಎಂದೆ. ಅಲ್ಲಿಯವರು ನನ್ನನ್ನು ಹುಚ್ಚನ ಹಾಗೆ ನೋಡಿದರು. ದೊಡ್ಡ ತಜ್ಞರೇ ಬಂದು ಸರಿ ಎಂದು ಹೇಳಿ ಹೋಗಿದ್ದಾರೆ, ಫೈಲು ಮುಗಿದಿದೆ, ನೀವು ಯಾಕೆ ಗಾಬರಿಯಾಗುತ್ತೀರಿ ಎಂದರು. ಅಲ್ಲಿಂದ ಆಗರಕ್ಕೆ ಹೋದೆ. ಮಣ್ಣು ಆಗಲೇ ಆಳುದ್ದ ಬಿದ್ದಿತ್ತು. ಕಂಪನಿಯ ಕೆಲಸ ನಾನೇ ಬಿಟ್ಟಿದ್ದೇನೆ. ಅದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ ಎಂದು ಗೊತ್ತು. ಕ್ಷಮಿಸು ಎನ್ನಲು ಬಾಯಿ ಸಾಲದು, ಆದರೂ ಕ್ಷಮಿಸು. ಪ್ಲೇಟುಗಳು ಇನ್ನೂ ಜೀವಂತ ಇವೆ. ನಿನಗೆ ಬೇಕಾದರೆ ತಂದು ಕೊಡುತ್ತೇನೆ, ಎಷ್ಟು ದಿನ ಬಾಳುತ್ತವೋ ಗೊತ್ತಿಲ್ಲ.

ಹೋದ ವಾರ ಒಂದು ಪ್ಲೇಟು ಹಿಡಿದುಕೊಂಡು ಧಾರವಾಡಕ್ಕೆ ಹೋಗಿದ್ದೆ. ಅಪ್ಪ ಗೊತ್ತಾಗದೆ ತಪ್ಪಿದ್ದಾರೆ, ಕಣ್ಣಿನ ತೊಂದರೆ, ವಯಸ್ಸು ಎಂದೆಲ್ಲ ದಾರಿಯುದ್ದಕ್ಕೂ ಅವರ ಪರವಾಗಿ ನಾನೇ ವಾದ ಮಾಡಿಕೊಂಡೆ. ಅವರು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಛಲೋ ಬೆಳದಾವ. ಉಪ್ಪು ಎಷ್ಟು ಹಾಕ್ದಿ?" ಎಂದರು. ನಾನು ಹೇಳಿದೆ. ಆಮೇಲೆ ಕೇಳಿದೆ.

"ನಾ ಫೋನ್ ಮಾಡಿದಾಗ ನಿಮಗ ಗೊತ್ತಿತ್ತೇನು, ಅಪ್ಪಾ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನಿನಗ ಬ್ಯಾಸರ ಆಗ್ತದಂತ."

ಅಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. "ನಿನ್ನ ಸಲುವಾಗಿ ತಮ್ಮ ಮಾತು ಕಳಕೊಂಡಾರಪ್ಪಾ, ಕಾಲಿಗೆ ಬೀಳು" ಎಂದಳು. ಬಿದ್ದೆ. ಎದ್ದು ಬಂದುಬಿಟ್ಟೆ.

ಅಕ್ಕ, ನೀವೆಲ್ಲ ಅಪ್ಪ ಬೈಯುವುದನ್ನು ಕಂಡಿದ್ದೀರಿ. ಬೈಸಿಕೊಂಡಾಗ ಒಳಗೆ ನನಗೊಂದು ಆಸೆ ಇರುತ್ತಿತ್ತು, ಅದು ಯಾರಿಗೂ ಗೊತ್ತಿಲ್ಲ. ಇವನು ಕಲಿತಾನು ಎಂದು ಅವರಿಗೆ ಇನ್ನೂ ಅನ್ನಿಸುತ್ತಿದೆ, ಇಲ್ಲದಿದ್ದರೆ ಯಾಕೆ ಬೈದಾರು ಎಂದು. ನಿನ್ನ ಪ್ರಬಂಧವನ್ನು ಪುಟಪುಟವೂ ಹರಿದು ಮತ್ತೆ ಬರೆಸಿದರು. ನನ್ನ ತಪ್ಪನ್ನು ಮಾತ್ರ ಹಾಗೇ ಬಿಟ್ಟರು. ಅಮ್ಮ ಅದನ್ನು ಪ್ರೀತಿ ಎನ್ನುತ್ತಾಳೆ. ಇದ್ದೀತು. ನನಗೆ ಮಾತ್ರ, ಇವನನ್ನು ತಿದ್ದಿ ಏನು ಉಪಯೋಗ ಎಂದು ಅವರು ಕೈಬಿಟ್ಟ ಹಾಗೆ ಕೇಳಿಸುತ್ತದೆ.

ಅವರು ಫೋನಿನಲ್ಲಿ "ಸರಿ ಅದ" ಎಂದ ದಿನ ಶುಕ್ರವಾರ, ಮ್ಹಾಪಸಾದಲ್ಲಿ ಸಂತೆ. ನಾನು ಕೆಳಗಿಳಿದು ಹೋಗಿ ಸಾಲಿನ ಅಂಗಡಿಗಳಿಗೆಲ್ಲ ಪೇಡೆ ಹಂಚಿದ್ದೆ ಅಕ್ಕ. ಏನು ವಿಶೇಷ, ಮಗು ಆಯಿತೇ ಎಂದು ಕೇಳಿದರು. ಇಲ್ಲ, ನಮ್ಮ ಅಪ್ಪ ಸರಿ ಎಂದರು ಎಂದಿದ್ದೆ.

ನಿನ್ನ ತಮ್ಮ
ಆಶಿಷ್